ಅದರಲ್ಲಿ ಅದನ್ನು ಹಾಕು

ಅಡುಗೆಮನೆಯಲ್ಲಿ ಅಮ್ಮ ‘ಅದರಲ್ಲಿ ಅದನ್ನು ಹಾಕು’ ಎಂದರೆ ಪಕ್ಕದಲ್ಲಿರುವ ಮಗಳು ಸುಮ್ಮನೆ ಕುಕ್ಕರಿಗೆ ಬೇಳೆ ಹಾಕುತ್ತಾಳೆ. ಅದೇ ಮಾತನ್ನು ಚೀಟಿಯಲ್ಲಿ ಬರೆದಿಟ್ಟು ಹೊರಗೆ ಹೋದರೆ? ಕ್ಲೋಜರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವವರಿಗೆ ದಿನವೂ ಎದುರಾಗುವ ಪ್ರಶ್ನೆ ಇದು. ಪುಣೆಯಲ್ಲಿ ಅಂಥವರಿಗೆ ಬರವಿಲ್ಲ. ಅಲ್ಲಿನ ಹೆಲ್ಪ್‌ಶಿಫ್ಟ್ ಕಂಪನಿ ಈ ಭಾಷೆಯನ್ನು ವರ್ಷಗಟ್ಟಲೆ ಬಳಸಿದೆ.

ಒಂದೇ ಸಲ ಬೇಕಾಗುವ ಸಣ್ಣ ಫಂಕ್ಷನ್ನಿಗೆ ಹೆಸರಿಡದೆ ಅಲ್ಲೇ ಬರೆದುಬಿಡಬಹುದು. ಅದಕ್ಕೆ ಕ್ಲೋಜರ್‌ನಲ್ಲಿ ಎರಡು ದಾರಿ. ಬೆಲೆಗೆ ಶೇ. 18 ಜಿಎಸ್‌ಟಿ ಸೇರಿಸಬೇಕೆನ್ನಿ. ಗಿಡ್ಡ ರೂಪ: #(* % 1.18). ಇಲ್ಲಿ % ಶೇಕಡಾ ಅಲ್ಲ, ‘ಕೈಗೆ ಬಂದದ್ದು’. ನಮ್ಮ ‘ಅದು’ ಇದ್ದ ಹಾಗೆ. ಉದ್ದ ರೂಪದಲ್ಲಿ ‘ಎಫ್‌ಎನ್’ ಎಂದು ಶುರುಮಾಡಿ, ಬಂದದ್ದಕ್ಕೆ ‘ಬೆಲೆ’ ಎಂದು ಹೆಸರು ಕೊಟ್ಟು, ಆಮೇಲೆ ಗುಣಿಸಬೇಕು.

ಒಂದೇ ‘ಅದು’ ಇರುವಾಗ ಗಿಡ್ಡ ರೂಪವೇ ಚೆಂದ. ತಕರಾರು ಎರಡನೆಯದು ಬಂದಾಗ. #(- %1 %2) ಅಂದರೆ ಮೊದಲನೆಯದರಿಂದ ಎರಡನೆಯದನ್ನು ಕಳೆ. ಬೆಲೆಯಿಂದ ರಿಯಾಯಿತಿಯನ್ನೋ, ರಿಯಾಯಿತಿಯಿಂದ ಬೆಲೆಯನ್ನೋ, ಆ ಸಾಲು ಬಾಯಿ ಬಿಡುವುದಿಲ್ಲ. ಅದಲುಬದಲಾದರೂ ಪ್ರೋಗ್ರಾಂ ನಿರಾಳವಾಗಿ ಓಡುತ್ತದೆ. ಗ್ರಾಹಕರ ಬಿಲ್ಲಿನಲ್ಲಿ ಮೈನಸ್ ಕಂಡಾಗಲೇ ಗೊತ್ತಾಗುವುದು. ಒಂದು ಗಿಡ್ಡ ರೂಪದೊಳಗೆ ಇನ್ನೊಂದನ್ನು ಇಡಲು ಮಾತ್ರ ಕ್ಲೋಜರ್ ಬಿಡುವುದಿಲ್ಲ. ಬಿಟ್ಟಿದ್ದರೆ ಒಳಗಿನ % ಯಾರದೆಂದು ಓದುವವರು ಹುಡುಕುತ್ತ ಕೂರಬೇಕಿತ್ತು. ಕನ್ನಡಕ್ಕೆ ಅಂಥ ಕಾವಲಿಲ್ಲ. ‘ತಾನೇ ತಪ್ಪು ಮಾಡಿದ್ದು ಅಂತ ರವಿ ಒಪ್ಪಿಕೊಂಡ ಎಂದು ಸುರೇಶ ಹೇಳಿದ.’ ತಪ್ಪು ಯಾರದು?

ಗಿಡ್ಡದಾಗಿ ಹೇಳುವ ಮೋಹ ಹೊಸದಲ್ಲ. ಅರ್ಧ ಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುವವರು ವೈಯಾಕರಣರು ಎಂಬ ಹಳೆಯ ಮಾತೇ ಇದೆ. ಆದರೆ ಪಾಣಿನಿಯ ಸುಮಾರು 4,000 ಸೂತ್ರಗಳನ್ನು ಬಿಡಿಸಿ ಹೇಳಲು ಪತಂಜಲಿಯ ಮಹಾಭಾಷ್ಯದಂಥ ಗ್ರಂಥಗಳು ಬೇಕಾದವು. ಆ ಭಾಷ್ಯವನ್ನು 1880ರ ದಶಕದಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ ಕೀಲ್‌ಹಾರ್ನ್ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದವರು. ಸೂತ್ರಗಳನ್ನು ಕಾಯಲು ಗುರುಶಿಷ್ಯರ ಸಾಲೇ ಇತ್ತು. ಬರೆದವರು ಬೇರೆ ಕಂಪನಿ ಸೇರಿದ ಮೇಲೆ ರಾತ್ರಿ ಎರಡು ಗಂಟೆಗೆ ಆ ಕೋಡ್ ತೆರೆಯುವ ಹೊಸಬರಿಗೆ ಯಾವ ಭಾಷ್ಯಕಾರರೂ ಸಿಗುವುದಿಲ್ಲ.

ಆದ್ದರಿಂದ ಎರಡು ‘ಅದು’ ಬಂದ ಕೂಡಲೇ ಉದ್ದ ರೂಪ ಬಳಸಿ ಎಂದು ಕೋಡ್ ಪರಿಶೀಲಿಸುವವರು ಹಟ ಹಿಡಿಯಬೇಕು. ಒಂದಷ್ಟು ಅಕ್ಷರ ಹೆಚ್ಚು ಕುಟ್ಟಬೇಕಾದೀತು, ಕುಟ್ಟಲಿ. ಹಾಗೆಂದು ಉದ್ದ ರೂಪ ಬರೆದು ಹೆಸರಿನ ಜಾಗದಲ್ಲಿ ‘ಎಕ್ಸ್’, ‘ವೈ’ ಇಟ್ಟರೆ ಬೆರಳು ನೋಯಿಸಿಕೊಂಡದ್ದಷ್ಟೇ ಲಾಭ. ಅವೂ ವೇಷ ಹಾಕಿದ ‘ಅದು’ಗಳೇ.