ಅಂಗೈಗೆ ಒಗ್ಗದ ಅಗ್ಗದ ಸರಕು

ನಿವೃತ್ತಿಯ ನಂತರ ಬೇಲೂರು, ಹಳೇಬೀಡು ಹಾಗೂ ನಮ್ಮ ಅರಸೀಕೆರೆಯ ಹೊಯ್ಸಳ ದೇವಾಲಯಗಳ ಕುರಿತು ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಬರೆಯುವುದು ನನ್ನ ಹವ್ಯಾಸ. ಟಚ್‌ಪ್ಯಾಡ್ ಬಳಕೆ ಬೆರಳಿಗೆ ಒಗ್ಗದೆ, ಅಂತರ್ಜಾಲದ ಮೂಲಕ ಅಗ್ಗದ ವೈರ್‌ಲೆಸ್ ಮೌಸೊಂದನ್ನು ತರಿಸಿದೆ. ಅದು ಅಂಗೈಗೆ ಚಿಕ್ಕದು; ತಿಂಗಳೊಳಗೆ ಮಣಿಕಟ್ಟು ನೋಯತೊಡಗಿತು. ವರ್ಷದೊಳಗೆ ಬ್ಯಾಟರಿ ಸತ್ತಿತು, ಅದನ್ನು ಬದಲಿಸುವಂತಿರಲಿಲ್ಲ.

ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆಯಲ್ಲಿ ಕಳಪೆ ಸರಕೇ ಉಳಿಯುತ್ತದೆಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿಯೇ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದ್ದರು. ಮೌಸಿನ ಪೆಟ್ಟಿಗೆಯ ಮೇಲೆ ಡಿಪಿಐ ಅಂಕಿ ದಪ್ಪಕ್ಷರಗಳಲ್ಲಿರುತ್ತದೆ. ಬರವಣಿಗೆಯ ಕೆಲಸಕ್ಕೆ 1000 ಧಾರಾಳ. ನಿಜವಾಗಿ ತಿಳಿಯಬೇಕಾದದ್ದು ಬೇರೆ. ಬ್ಲೂಟೂತ್ ಮೌಸಾದರೆ ಯುಎಸ್‌ಬಿ ಕಿಂಡಿ ಉಳಿಯುತ್ತದೆ. ಡಾಂಗಲ್ ಮೌಸಾದರೆ ಆ ಪುಟ್ಟ ತುಣುಕು ಕಳೆಯದಂತೆ ಕಾಯಬೇಕು. ಸಾಮಾನ್ಯ ಆಪ್ಟಿಕಲ್ ಮೌಸ್ ಗಾಜಿನ ಮೇಜಿನ ಮೇಲೆ ತಡವರಿಸುತ್ತದೆ. ಎಎ ಸೆಲ್ಲಿನದಾದರೆ ಸೆಲ್ ನಮ್ಮಂಥ ಊರಿನಲ್ಲಿಯೂ ದೊರೆಯುತ್ತದೆ.

2023ರ ಏಪ್ರಿಲ್ 1ರಂದು ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಸಂಸ್ಕರಣೆಯ ಹೊಣೆಯನ್ನು ಉತ್ಪಾದಕರಿಗೆ ವಹಿಸಿವೆ. ಆದರೆ ತ್ಯಾಜ್ಯವಾಗದಂತೆ ತಡೆಯುವುದು ಅದಕ್ಕಿಂತ ಲೇಸು. ಬ್ಯಾಟರಿ ಬದಲಿಸಬಹುದೇ ಎಂಬುದನ್ನು ಪೆಟ್ಟಿಗೆಯ ಮೇಲೆ ಕಡ್ಡಾಯವಾಗಿ ಮುದ್ರಿಸುವಂತಾಗಬೇಕು. ಊರಿನ ವರ್ತಕರೂ ಕೈಯಿಟ್ಟು ನೋಡಲು ಒಂದೆರಡು ಮಾದರಿಗಳನ್ನು ತೆರೆದಿಡಲಿ. ಸ್ವಲ್ಪ ಬೆಲೆ ಹೆಚ್ಚಾದರೂ ನಾನು ಅಲ್ಲಿಯೇ ಕೊಳ್ಳುತ್ತೇನೆ.