ಕೊಲೆಗೆ ಮೊದಲೇ ಸುದ್ದಿ ಇರುತ್ತದೆ

‘ಶೀಲ ಶಂಕಿಸಿ ಪತ್ನಿಯ ಕೊಲೆ.’ ಈ ತಲೆಬರಹವನ್ನು ನೀವು ಎಷ್ಟು ಸಲ ಓದಿದ್ದೀರೋ. ಕೊಂದವನು ಠಾಣೆಯಲ್ಲಿ ಹೇಳಿದ ಕಾರಣವೇ ತಲೆಬರಹ ಆಗುತ್ತದೆ. ಸತ್ತವಳನ್ನು ಕೇಳೋಣವೆಂದರೆ ಅವಳಿಲ್ಲ. ಓದಿದವರು ‘ಏನೋ ಇದ್ದಿರಬೇಕು ಬಿಡ್ರಿ’ ಎಂದು ಮುಂದಿನ ಸುದ್ದಿಗೆ ಹೋಗುತ್ತಾರೆ.

ವರದಿಗೆಂದು ಆ ಊರಿಗೆ ಹೋಗುವ ನಮಗೆ ಓಣಿಯ ಹೆಂಗಸರು ಹೇಳುವುದು ಬೇರೆ. ಮೊದಲಿಂದಲೂ ಹೊಡೀತಿದ್ದ. ತವರಿಗೆ ಬಂದು ಎರಡು ತಿಂಗಳು ಇದ್ದಳು. ಹಿರಿಯರು ಕೂತು, ‘ಹೊಂದ್ಕೊಂಡು ಹೋಗಬೇಕವ್ವ’ ಎಂದು ಬುದ್ಧಿ ಹೇಳಿ ಕಳಿಸಿದರು. ಊರು ಬೇರೆ, ಜಾತಿ ಬೇರೆ, ಕಥೆ ಅದೇ. ಹೀಗಿರುವಾಗ ‘ಸಿಟ್ಟಿನ ಭರದಲ್ಲಿ’ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಕೂಲಿ ಕೊಡದ ಸಾಹುಕಾರನ ಮುಂದೆ ಆ ಸಿಟ್ಟಿಗೆ ಯಾಕೆ ಭರ ಬರುವುದಿಲ್ಲ?

ವಿಶ್ವಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 85,000 ಮಹಿಳೆಯರು, ಹುಡುಗಿಯರು ಕೊಲೆಯಾದರು. ಅವರಲ್ಲಿ ಸುಮಾರು 51,100 ಮಂದಿಯನ್ನು ಕೊಂದದ್ದು ಗಂಡ, ಸಂಗಾತಿ ಅಥವಾ ಮನೆಯವರೇ. ಒಟ್ಟು ಕೊಲೆಯಾಗುವವರಲ್ಲಿ ಗಂಡಸರೇ ಹೆಚ್ಚು, ನಿಜ. ಆದರೆ ಅವರು ಹೆಚ್ಚಾಗಿ ಸಾಯುವುದು ಹೊರಗಿನವರ ಕೈಯಲ್ಲಿ. ಹೆಣ್ಣುಮಕ್ಕಳಿಗೆ ‘ಹೊರಗೆ ಅಪಾಯ, ಮನೆಯಲ್ಲಿರು’ ಎನ್ನುತ್ತೇವಲ್ಲ!

ಅಪಾಯ ಹೆಚ್ಚುವುದು ಆಕೆ ಒಲ್ಲೆ ಎಂದಾಗ, ಇಲ್ಲವೇ ಬಿಟ್ಟು ಹೊರಟಾಗ. ಹುಬ್ಬಳ್ಳಿಯನ್ನೇ ನೋಡಿ. 2024ರ ಏಪ್ರಿಲ್ 18ರಂದು ಕಾಲೇಜಿನ ಆವರಣದಲ್ಲೇ ಒಬ್ಬ ವಿದ್ಯಾರ್ಥಿನಿಗೆ ಇರಿದು ಕೊಂದರು. ಆರೋಪಿಯ ಧರ್ಮದ ಬಗ್ಗೆ ವಾರಗಟ್ಟಲೆ ಗದ್ದಲ ನಡೆಯಿತು. ತಿಂಗಳು ತುಂಬುವುದರೊಳಗೆ, ಮೇ 15ರ ಬೆಳಗಿನ ಜಾವ, ಅದೇ ಊರಲ್ಲಿ ಇನ್ನೊಬ್ಬ ಯುವತಿಯನ್ನು ಆಕೆಯ ಮನೆಯಲ್ಲೇ ಕೊಂದರು. ಈ ಸಲ ಧರ್ಮದ ಮಾತಿಗೆ ಜಾಗವಿರಲಿಲ್ಲ. ಬೆದರಿಕೆ ಇದೆ ಎಂದು ಮೊದಲೇ ಠಾಣೆಗೆ ತಿಳಿಸಿದ್ದೆವು ಎಂದರು ಮನೆಯವರು. ಇನ್‌ಸ್ಪೆಕ್ಟರ್ ಅಮಾನತಾದರು. ಜೀವ ಹೋದ ಮೇಲೆ.

ಕಾನೂನು ಇಲ್ಲ ಎನ್ನುವಂತಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಆಕೆಗೆ ಅದೇ ಮನೆಯಲ್ಲಿರುವ ಹಕ್ಕಿದೆ. ಅವನು ಹತ್ತಿರ ಸುಳಿಯದಂತೆ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಅರ್ಜಿಗೆ ನೆರವಾಗಬೇಕಾದ ರಕ್ಷಣಾಧಿಕಾರಿ ಎಂದರೆ ನಿಮ್ಮ ತಾಲೂಕಿನ ಸಿಡಿಪಿಒ. ಅಂಗನವಾಡಿ ಟೀಚರಮ್ಮನನ್ನು ಕೇಳಿದರೆ ನಂಬರ್ ಸಿಗುತ್ತದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಠಾಣೆಯಲ್ಲಿ ಬಾಯಿಮಾತಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ. ಎಫ್‌ಐಆರ್ ಆದರೆ ಅದರ ಪ್ರತಿ ದೂರು ಕೊಟ್ಟವರಿಗೆ ಪುಕ್ಕಟೆ ಸಿಗಬೇಕು.

ಇನ್ನು ಪಂಚಾಯ್ತಿಗೆ ಕೂರುವ ಹಿರಿಯರಿಗೆ ಒಂದು ಮಾತು. ಆಕೆಯನ್ನು ಗಂಡನ ಕಡೆಯವರ ಎದುರಲ್ಲಿ ಅಲ್ಲ, ಬೇರೆ ಕರೆದು ಕೇಳಿ: ಕೊಲ್ತೀನಿ ಅಂದಿದ್ದಾನಾ? ಕತ್ತು ಹಿಸುಕಿದ್ದಾನಾ? ಹೌದು ಎಂದರೆ ಅವತ್ತು ಆಕೆಯನ್ನು ಆ ಮನೆಗೆ ಕಳಿಸಬೇಡಿ.