ನಾನು ಕೇಳಿದ್ದು ರ‍್ಯಾಂಪ್, ಅವರು ಕೊಡ್ತೀವಿ ಅಂದಿದ್ದು ಸ್ಕೂಟರ್ (ಭಾಗ 4)

ಫೋಟೋದಲ್ಲಿ ಇರೋದು ಮೂರು ಮೆಟ್ಟಿಲು, ಅಷ್ಟೇ. ಪಕ್ಕದಲ್ಲಿ ಬಿದ್ದಿರೋದು ನಮ್ಮಮ್ಮನ ಹೊಲಿಗೆ ಟೇಪು. ಒಂದೊಂದು ಮೆಟ್ಟಿಲು 15 ಸೆಂಟಿಮೀಟರ್, ಒಟ್ಟು 45. ಕಚೇರಿ ಯಾವುದು ಅಂತ ಡಿಎಂನಲ್ಲಿ ಕೇಳಬೇಡಿ, ಹೇಳಲ್ಲ. ಮೈಸೂರಿನದ್ದೇ. ನಿಮ್ಮ ಏರಿಯಾದಲ್ಲೂ ಇಂಥದ್ದೊಂದು ಇರುತ್ತೆ, ಹೋಗಿ ನೋಡಿ.

ಜನನ ಪ್ರಮಾಣಪತ್ರದಲ್ಲಿ ನನ್ನ ಹೆಸರು ತಪ್ಪಾಗಿದ್ದ ಕಥೆ ಕಳೆದ ಭಾಗದಲ್ಲಿ ಹೇಳಿದ್ದೆ. ಅದನ್ನು ಸರಿ ಮಾಡಿಸೋಕೆ ಬೋಗಾದಿಯಿಂದ ಆಟೋದಲ್ಲಿ ಹೋದಾಗ ಈ ಮೆಟ್ಟಿಲು ಎದುರಾಯ್ತು. ಇಬ್ಬರು ಓಡಿ ಬಂದರು. "ಅಯ್ಯೋ ಪಾಪ, ಇರಮ್ಮ, ಎತ್ತಿ ಬಿಡ್ತೀವಿ" ಅಂದರು. ನಾನು ಹೂಂ ಅನ್ನೋ ಮೊದಲೇ ವೀಲ್‌ಚೇರ್ ಗಾಳಿಯಲ್ಲಿತ್ತು. ಎರಡನೇ ಮೆಟ್ಟಿಲಿಗೆ ಫುಟ್‌ರೆಸ್ಟ್ ಬಡಿದು ಬಗ್ಗಿತು. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎತ್ತಿದವರು ಒಳ್ಳೆ ಜನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಟ್ಟಡಕ್ಕೆ ಇವತ್ತಿಗೂ ರ‍್ಯಾಂಪ್ ಇಲ್ಲದಿರೋಕೆ ಆ ಒಳ್ಳೆತನವೂ ಒಂದು ಕಾರಣ ಅನ್ನೋದು ನನ್ನ ವಾದ. ಎತ್ತೋರು ಇದ್ದಾರಲ್ಲ, ಸಿಮೆಂಟು ಯಾಕೆ ದಂಡ?

ಮನೆಗೆ ಬಂದು ಅರ್ಜಿ ಬರೆದೆ. ಹೈಸ್ಕೂಲಲ್ಲಿ ಪತ್ರಲೇಖನ ಹೇಳಿಕೊಟ್ಟಿದ್ದರಲ್ಲ, ಅದೇ ಧಾಟಿ. ನಾನು ವಿಕಲಚೇತನಳಾಗಿದ್ದು, ನಡೆದಾಡಲು ಅಶಕ್ತಳಾಗಿದ್ದು, ದಯಮಾಡಿ ಅನುಕೂಲ ಕಲ್ಪಿಸಿಕೊಡಬೇಕೆಂದು ತಮ್ಮಲ್ಲಿ ಕಳಕಳಿಯ ಪ್ರಾರ್ಥನೆ. ಹದಿನೈದು ದಿನ ಬಿಟ್ಟು ಫೋನ್ ಬಂತು. "ಶೇ 5ರ ಅನುದಾನದಲ್ಲಿ ಮೂರು ಚಕ್ರದ ಸ್ಕೂಟರ್ ಕೊಡೋದು ಬರುತ್ತಮ್ಮ, ಆಗ ಅರ್ಜಿ ಹಾಕು, ನಿನ್ನ ಹೆಸರು ಸೇರಿಸೋಣ."

ಈ ಶೇ 5 ಏನು ಅಂತ ತುಂಬ ಜನಕ್ಕೆ ಗೊತ್ತಿಲ್ಲ. ನಮ್ಮ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ಶೇ 24.10ರಷ್ಟು ಹಣವನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, 7.25ರಷ್ಟನ್ನು ಇತರ ಬಡವರಿಗೆ, 5ರಷ್ಟನ್ನು ವಿಕಲಚೇತನರಿಗೆ ಅಂತ ಎತ್ತಿಡಬೇಕು. ಒಳ್ಳೆಯದೇ. ಸ್ಕೂಟರ್ ಸಿಕ್ಕಿ ಕೆಲಸಕ್ಕೆ ಹೋಗೋ ಹಾಗಾದವರು ಎಷ್ಟೋ ಜನ, ಅದನ್ನ ನಾನು ಆಡಿಕೊಳ್ಳಲ್ಲ. ಆದರೆ ಆ ಸ್ಕೂಟರ್ ತಗೊಂಡು ಅದೇ ಕಚೇರಿಗೆ ಹೋದರೆ ಅದು ನಿಲ್ಲೋದೂ ಈ ಮೂರು ಮೆಟ್ಟಿಲ ಕೆಳಗೇ! ಹಾರ ಹಾಕಿ ಕೀ ಕೊಡೋ ಫೋಟೋ ಪೇಪರಲ್ಲಿ ಬರುತ್ತೆ. ರ‍್ಯಾಂಪಿಗೆ ಯಾರು ಹಾರ ಹಾಕ್ತಾರೆ?

ಆಮೇಲೆ ಯೋಚಿಸಿದಾಗ ತಪ್ಪು ನನ್ನ ಅರ್ಜಿಯಲ್ಲೂ ಇತ್ತು ಅನಿಸ್ತು. ಅದರ ತುಂಬ ನನ್ನ ಕಾಲಿನ ವಿಷಯವೇ. ಅವರು ನನಗೆ ಏನಾದ್ರೂ ಕೊಡೋಕೆ ನೋಡಿದರು. ನಾನು ಬರೀಬೇಕಿದ್ದದ್ದು ಅವರ ಮೆಟ್ಟಿಲಿನ ಬಗ್ಗೆ.

ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಆ ದಿನದಿಂದ ಐದು ವರ್ಷದೊಳಗೆ ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳಿಗೆಲ್ಲ ಎಲ್ಲರೂ ಹೋಗಿಬರುವಂತೆ ಮಾಡಬೇಕು ಅಂತ ಸೆಕ್ಷನ್ 45 ಹೇಳುತ್ತೆ. ಅಂದ್ರೆ 2022ರ ಜೂನ್‌ಗೇ ಗಡುವು ಮುಗೀತು. 2024ರ ನವೆಂಬರ್ 8ಕ್ಕೆ ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಗಟ್ಟಿಯಾಗಿ ಹೇಳ್ತು. ಈ ಅಳತೆಗಳನ್ನ ಬರೀ ಸಲಹೆ ಅಂತ ಇಟ್ಟಿರೋ ನಿಯಮ ಕಾಯ್ದೆಗೇ ವಿರುದ್ಧ, ಕಡ್ಡಾಯದ ನಿಯಮ ಮಾಡಿ ಅಂತ ಕೇಂದ್ರಕ್ಕೆ ಸೂಚಿಸ್ತು. ಹಾಗಾಗಿ ನನ್ನ ಎರಡನೇ ಅರ್ಜಿಯಲ್ಲಿ ಕಳಕಳಿಯೂ ಇಲ್ಲ, ಪ್ರಾರ್ಥನೆಯೂ ಇಲ್ಲ. ಎತ್ತರ 45 ಸೆಂ.ಮೀ. ಒಂದಕ್ಕೆ ಹನ್ನೆರಡರ ಇಳಿಜಾರು ಅಂದರೆ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಎಡಗಡೆ ಕಾಂಪೌಂಡ್ ಪಕ್ಕ ಅಷ್ಟು ಜಾಗ ಇದೆ, ಈಗ ಅಲ್ಲಿ ಬೈಕ್ ನಿಲ್ಲಿಸ್ತಾರೆ. ಜೊತೆಗೆ ಫೋಟೋ.

ಇನ್ನೊಂದು ವಿಷಯ ಸೇರಿಸಿದೆ, ಇದು ಮುಖ್ಯ. ರ‍್ಯಾಂಪ್ ಎಲ್ಲರಿಗಾಗಿ, ಯಾರೂ ಕೇಳದಿದ್ದರೂ ಇರಬೇಕಾದ್ದು. ಅದು ಬರೋತನಕ ನನ್ನ ಕೆಲಸ ನಿಲ್ಲಬಾರದಲ್ಲ? ಒಬ್ಬ ವ್ಯಕ್ತಿಗೆ ಬೇಕಾದ ಸೂಕ್ತ ಬದಲಾವಣೆ ಮಾಡಿಕೊಡೋದನ್ನೂ ಅದೇ ಕಾಯ್ದೆ ಹೇಳುತ್ತೆ. ವಿಪರೀತ ಹೊರೆ ಆಗಬಾರದು, ಅಷ್ಟೇ. ನಾನು ಬಂದಾಗ ಹೊರಗಿನ ಮೇಜಿನ ಹತ್ತಿರ ಫೈಲ್ ತಂದು ಸಹಿ ಹಾಕಿಸಿಕೊಳ್ಳಿ ಅನ್ನೋದು ಅಂಥ ಕೋರಿಕೆ. ಕಿವಿ ಕೇಳದವರು ವಾರ್ಡ್ ಸಭೆಗೆ ಸನ್ನೆಭಾಷೆ ಬಲ್ಲವರನ್ನ ಕರೆಸಿ ಅಂತ ಕೇಳಬಹುದು. ಅಂಥವರನ್ನ ಎಲ್ಲಿ ಹುಡುಕೋಣ ಅಂತ ಕೇಳೋ ಹಾಗಿಲ್ಲ ಮೈಸೂರಿನಲ್ಲಿ. 1965ರಿಂದ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯ ಹತ್ತಿರವೇ ಇದೆ, ಬೋಗಾದಿಯವರಿಗೆ ಕೂಗಳತೆ.

ಕಾರ್ಡ್‌ನಲ್ಲಿ ಶೇ 40 ಇದ್ದರೆ ಮಾತ್ರ ಇದೆಲ್ಲ ಅನ್ನೋರು ಸಿಗ್ತಾರೆ. 2021ರಲ್ಲಿ ವಿಕಾಸ್ ಕುಮಾರ್ ಅನ್ನೋ ಯುಪಿಎಸ್‌ಸಿ ಅಭ್ಯರ್ಥಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನ ಒಪ್ಪಲಿಲ್ಲ. ಪರೀಕ್ಷೆಗೆ ಬರೆಯೋರನ್ನ ಕೇಳೋ ಕ್ಲಾಸ್‌ಮೇಟ್ಸ್ ಇದನ್ನ ಸೇವ್ ಮಾಡಿಟ್ಟುಕೊಳ್ಳಿ. ಇನ್ನು ಕಟ್ಟಡದ ವಿಷಯಕ್ಕೆ ಅರ್ಜಿ ಹಾಕೋಕೆ ವೀಲ್‌ಚೇರ್‌ನಲ್ಲೇ ಕೂತಿರಬೇಕಿಲ್ಲ. ನೀವೂ ಹಾಕಬಹುದು.

ಬೋಗಾದಿಯವರಿಗೆ ಮಾತ್ರ ಒಂದು ಎಕ್ಸ್‌ಟ್ರಾ ತಲೆನೋವು, ಅರ್ಜಿ ಯಾರಿಗೆ ಅಂತ. ಒಂದು ಬೀದಿ ಪಾಲಿಕೆ ಅಂತಾರೆ, ಇನ್ನೊಂದು ಪಟ್ಟಣ ಪಂಚಾಯಿತಿ, ಮತ್ತೊಂದು ಮುಡಾ ಮಾಡಿದ ಬಡಾವಣೆ. ಈಗ ಬೃಹತ್ ಮೈಸೂರಿನ ಮಾತು ಬೇರೆ. ನಾನು ಮಾಡೋದು ಇಷ್ಟು: ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಈ ರಸ್ತೆಯ ಫುಟ್‌ಪಾತ್ ಯಾರದ್ದು ಅಂತ ಕೇಳೋದು. ತಮ್ಮದಲ್ಲದಿದ್ದರೆ ಐದು ದಿನದೊಳಗೆ ಸಂಬಂಧಪಟ್ಟವರಿಗೆ ಅವರೇ ವರ್ಗಾಯಿಸಬೇಕು. 150 ಪದ ಮೀರಬೇಡಿ, ನಮ್ಮ ರಾಜ್ಯದಲ್ಲಿ ಹಾಗೊಂದು ನಿಯಮ ಇದೆ. ಯಾವ ಅರ್ಜಿಗೂ ಸೀಲ್ ಹಾಕಿದ ಸ್ವೀಕೃತಿ ತಗೊಳ್ಳದೆ ಬರಬೇಡಿ. ಬಾಯಿಮಾತಲ್ಲಿ "ಆಯ್ತಮ್ಮ, ನೋಡೋಣ" ಅಂದಿದ್ದಕ್ಕೆ ತಾರೀಖು ಇರಲ್ಲ. ಯಾರೂ ಕೇಳದಿದ್ದರೆ ಬೆಂಗಳೂರಲ್ಲಿ ವಿಕಲಚೇತನರಿಗಾಗಿಯೇ ಒಬ್ಬರು ರಾಜ್ಯ ಆಯುಕ್ತರಿದ್ದಾರೆ. ಅವರು ಶಿಫಾರಸು ಕಳಿಸಿದರೆ ಕಚೇರಿ ಮೂರು ತಿಂಗಳೊಳಗೆ ಉತ್ತರ ಕೊಡಬೇಕು. ಆ ಉತ್ತರ ತರಿಸೋಕೂ ಸ್ವೀಕೃತಿ ಬೇಕೇ ಬೇಕು.

ಎರಡನೇ ಅರ್ಜಿ ಏನಾಯ್ತು ಅಂತೀರಾ? ಐದು ವಾರಕ್ಕೆ ಪತ್ರ ಬಂತು, "ಕಾಮಗಾರಿ ಪೂರ್ಣಗೊಂಡಿದೆ" ಅಂತ. ಖುಷಿಯಿಂದ ಹೋದರೆ ಮೆಟ್ಟಿಲ ಮೇಲೆ ಒಂದು ಕಬ್ಬಿಣದ ತಗಡು ಒರಗಿಸಿದ್ದಾರೆ. ಸುಮಾರು ನಾಲ್ಕಡಿ ಉದ್ದ. ಅಪ್ಪ ತಳ್ಳಿದರೂ ಹತ್ತಲಿಲ್ಲ. ಇಳಿಯೋದಾದ್ರೆ ಸೀದಾ ರಸ್ತೆಗೇ. ಕಾವಲಿನವರಿಗೇ ನಗು ಬಂತು, ಅವರೂ "ಎತ್ತಿ ಬಿಡ್ಲಾ?" ಅಂದರು. ಬೇಡ ಅಂದೆ. ಹೊರಗೇ ಕೂತೆ. ಇಪ್ಪತ್ತು ನಿಮಿಷಕ್ಕೆ ಗುಮಾಸ್ತರು ಫೈಲ್ ಹಿಡಿದುಕೊಂಡು ಬಂದರು, ತಿದ್ದಿದ ಪ್ರಮಾಣಪತ್ರ ಕೈಗೆ ಬಂತು. ಹೆಸರು ಈಗ ಸರಿ ಇದೆ.

ತಗಡಿನ ಬಗ್ಗೆ ಮೂರನೇ ಅರ್ಜಿ ರೆಡಿ. ಬುಧವಾರ ಹನ್ನೊಂದಕ್ಕೆ ಹೋಗ್ತೀನಿ. ಸರಿಯಾಗಿ ಅಳೆಯೋಕೆ ಟೇಪಿನ ಇನ್ನೊಂದು ತುದಿ ಹಿಡಿಯೋರು ಒಬ್ಬರು ಬೇಕು. ಕ್ಲಾಸ್ ಇಲ್ಲದವರು ಮೆಸೇಜ್ ಮಾಡಿ.

#ಬೋಗಾದಿ #ಮೈಸೂರು #ಮೂರುಮೆಟ್ಟಿಲು